ಮಗೂಗೆ ಜಾಹ್ನವಿ ಅಂತ ಹೆಸರಿಡ್ತಿದ್ದೀರಾ? ಮೊದ್ಲು ಆ ಒತ್ತು ಎಲ್ಲಿ ಬರುತ್ತೆ ನೋಡ್ಕೊಳ್ಳಿ

ಹೋದ್ ವರ್ಷ ನನ್ ತಮ್ಮನಿಗೆ ಹೆಣ್ ಮಗು ಆಯ್ತು. ನಾನು ಸೋದರತ್ತೆ, ಅಂದ್ರೆ ಹೆಸರಿಡೋ ದಿನ ಮಗು ಕಿವೀಲಿ ಹೆಸರು ಹೇಳೋ ಕೆಲ್ಸ ನಂದು, ಅದಕ್ಕೇ ಹೆಸರು ಹುಡುಕೋ ಕೆಲ್ಸಾನೂ ನನ್ ತಲೆಗೇ ಕಟ್ಟಿದ್ರು. ನಮ್ಮವ್ವ ಪಾಂಡವಪುರದ ಕಡೆಯೋಳು, ಅವಳದ್ದು ಒಂದೇ ಹಠ, ಅತ್ತೆ ಹೆಸರು ಗಂಗಮ್ಮ, ಮನೇಲಿ ಆ ಹೆಸರು ಉಳೀಬೇಕು ಅಂತ. ತಮ್ಮನ ಹೆಂಡ್ತಿ ಓದಿದ್ದು ಬೆಳೆದಿದ್ದು ಎಲ್ಲಾ ಮೈಸೂರಲ್ಲಿ, ಅವಳಿಗೆ ತನ್ವಿ, ಸಾನ್ವಿ, ಪೂರ್ವಿ ಈ ಥರ 'ವಿ'ಲಿ ಮುಗಿಯೋದೇ ಬೇಕು. ಹದಿನೈದು ದಿನ ಫೋನಲ್ಲಿ ಇದೇ ಪಂಚಾಯ್ತಿ. ಕೊನೇಗೆ ಜಾಹ್ನವಿ ಅಂದೆ, ಇಬ್ರೂ ಒಪ್ಕೊಂಡ್ರು, ಯಾಕಂದ್ರೆ ಜಾಹ್ನವಿ ಅಂದ್ರೂ ಗಂಗಮ್ಮ ಅಂದ್ರೂ ಒಬ್ಬಳೇ. ಆದ್ರೆ ಒಪ್ಪಿದ್ ಮೇಲೆ ಶುರುವಾಯ್ತು ನೋಡಿ ಅಸಲಿ ಕಥೆ, ಬರೆಯೋದು ಹೆಂಗೆ, ಕರೆಯೋದು ಹೆಂಗೆ, ಇಂಗ್ಲಿಷಲ್ಲಿ ಯಾವ ಅಕ್ಷರ ಎಲ್ಲಿ ಅಂತ. ನಿಮ್ ಮನೇಲೂ ಪುರಾಣದ ಹೆಸರು ಹುಡುಕ್ತಾ ಇದ್ರೆ, ಜಾಹ್ನವಿನೇ ಆಗ್ಲಿ ಬೇರೆದೇ ಆಗ್ಲಿ, ನಾವು ಎಡವಿದ್ ಕಡೆ ನೀವು ಎಡವೋದ್ ಬೇಡ ಅಂತ ಬರೀತಿದೀನಿ.

ಮೊದ್ಲು ಹೆಸರಿನ ಕಥೆ ಪೂರ್ತಿ ತಿಳ್ಕೊಳ್ಳಿ, ಬರೀ 'ಗಂಗಾ ನದಿ' ಅನ್ನೋ ಒಂದು ಸಾಲಿನ ಅರ್ಥಕ್ಕೆ ನಿಲ್ಬೇಡಿ. ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರು ರಾಮ ಲಕ್ಷ್ಮಣರಿಗೆ ಹೇಳೋ ಕಥೆ ಇದು. ಭಗೀರಥ ತಪಸ್ಸು ಮಾಡಿ ಗಂಗೇನ ಭೂಮಿಗೆ ಇಳಿಸ್ತಾನೆ, ಶಿವ ಜಟೇಲಿ ಹಿಡಿದು ಬಿಡ್ತಾನೆ, ಇಲ್ಲೀತನಕ ಎಲ್ರಿಗೂ ಗೊತ್ತು. ಆಮೇಲೆ ಭಗೀರಥ ರಥದಲ್ಲಿ ಮುಂದೆ ಮುಂದೆ, ಗಂಗೆ ಹಿಂದೆ ಹಿಂದೆ ಹೋಗ್ತಾ ಇರುವಾಗ ದಾರೀಲಿ ಜಹ್ನು ಅನ್ನೋ ಋಷಿ ಯಜ್ಞ ಮಾಡ್ತಾ ಇರ್ತಾನೆ, ಈಯಮ್ಮ ಹೋಗೋ ರಭಸಕ್ಕೆ ಆ ಯಜ್ಞದ ಜಾಗಾನೇ ಮುಳುಗಿಸ್ಬಿಡ್ತಾಳೆ. ಜಹ್ನುಗೆ ಸಿಟ್ಟು ಬಂದು ಅಷ್ಟೂ ನೀರನ್ನ ಕುಡಿದ್ಬಿಡ್ತಾನೆ. ದೇವತೆಗಳು ಗಂಧರ್ವರು ಎಲ್ಲಾ ಬಂದು ಕೈ ಮುಗಿದು, ಗಂಗೇನ ನಿನ್ನ ಮಗಳು ಅಂತ ತಿಳ್ಕೋ ಬಿಟ್ಬಿಡು ಅಂತ ಕೇಳ್ಕೋತಾರೆ, ಆಗ ಕಿವಿಗಳಿಂದ ಹೊರಗೆ ಬಿಡ್ತಾನೆ. ಜಹ್ನು ಮಗಳಾದ್ದರಿಂದ ಜಾಹ್ನವಿ. ಅಂದ್ರೆ ಇದು ನದಿ ಹೆಸರು ಅನ್ನೋದಕ್ಕಿಂತ ಅಪ್ಪನ ಹೆಸರಿಂದ ಬಂದ ಹೆಸರು, ಅದೂ ಸಿಟ್ಟು ಮಾಡ್ಕೊಂಡು ಕುಡಿದು ಆಮೇಲೆ ಮಗಳೂ ಅಂತ ಒಪ್ಕೊಂಡ ಅಪ್ಪ. ನಂಗೆ ಈ ಭಾಗ ಭಾಳ ಇಷ್ಟ.

ಈಗ ಹೆಸರು ಅಸಲಿನಾ ನಕಲಿನಾ ಅಂತ ನೋಡೋದು. ಮೊಬೈಲಲ್ಲಿ ಹೆಸರಿನ ಸೈಟು ತೆಗೆದ್ರೆ ಎಲ್ಲಾ ಹೆಸರಿಗೂ ಲಕ್ಷ್ಮಿ, ಸರಸ್ವತಿ, ಸೂರ್ಯನ ಕಿರಣ ಅಂತ ಬರ್ದಿರ್ತಾರೆ. ಸಾನ್ವಿ ಅಂದ್ರೆ ಲಕ್ಷ್ಮಿ ಅಂತ ಓದಿ ನಾನು ಲಕ್ಷ್ಮಿ ಅಷ್ಟೋತ್ತರ ಕೂತ್ಕೊಂಡು ಓದಿದೆ, ನೂರೆಂಟರಲ್ಲಿ ಎಲ್ಲೂ ಸಿಗ್ಲಿಲ್ಲ. ಇಡ್ಬೇಡಿ ಅಂತಲ್ಲ, ಕಿವಿಗೆ ಇಂಪಾಗಿದ್ರೆ ಇಡಿ, ಆದ್ರೆ ಪುರಾಣದ್ದು ಅನ್ಕೊಂಡು ಇಡೋರು ಸ್ವಲ್ಪ ಚೆಕ್ ಮಾಡಿ.

ಚೆಕ್ ಮಾಡೋಕೆ ಒಂದು ಸುಲಭದ ದಾರಿ ನಮ್ಮ ಹೈಸ್ಕೂಲ್ ಸಂಸ್ಕೃತ ಮೇಷ್ಟ್ರು ಹೇಳ್ಕೊಟ್ಟಿದ್ದು. ಇನ್ನೊಬ್ಬರ ಮಗಳು, ಇಂಥಾ ವಂಶದೋಳು, ಇಂಥಾ ಊರಿನೋಳು ಅಂತ ಹೇಳುವಾಗ ಸಂಸ್ಕೃತದಲ್ಲಿ ಮೊದಲನೇ ಸ್ವರ ಉಬ್ಬುತ್ತೆ. ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ, ಪರ್ವತನ ಮಗಳು ಪಾರ್ವತಿ, ವಿದೇಹದೋಳು ವೈದೇಹಿ, ಮಿಥಿಲೆಯೋಳು ಮೈಥಿಲಿ, ಭಗೀರಥ ತಂದಿದ್ದಕ್ಕೆ ಭಾಗೀರಥಿ. ಮೂಲ ಹೆಸರು ಉಕಾರದಲ್ಲಿ ಮುಗಿದ್ರೆ ಆ ಉ ಹೋಗಿ 'ಅವ' ಆಗುತ್ತೆ, ರಘು ವಂಶದೋನು ರಾಘವ, ಯದು ವಂಶದೋನು ಯಾದವ, ಪಾಂಡು ಮಕ್ಕಳು ಪಾಂಡವರು. ಅದೇ ಅಚ್ಚಿಗೆ ಜಹ್ನು ಹಾಕಿ, ಜಾಹ್ನವ, ಹೆಣ್ಣಾದ್ರೆ ಜಾಹ್ನವಿ. ಭೃಗು ಇಂದ ಭಾರ್ಗವಿ ಬಂದಿದ್ದೂ ಹಿಂಗೇನೆ. ಪುರಾಣದ ಹೆಸರೆಲ್ಲಾ ಇದೇ ಅಚ್ಚಿಂದ ಬಂದಿಲ್ಲ, ಸೀತೆ ಅಂದ್ರೆ ನೇಗಿಲ ಸಾಲು ಅಷ್ಟೇ, ಆದ್ರೆ ಯಾರಾದ್ರೂ 'ಇದು ಇಂಥೋರ ಮಗಳು ಅಂತ ಅರ್ಥ' ಅಂದಾಗ ಆ ಅಪ್ಪನ ಹೆಸರು ಏನು ಅಂತ ಕೇಳಿ, ಅಚ್ಚಿಗೆ ಹಾಕಿ ನೋಡಿ, ಬರ್ಲಿಲ್ಲ ಅಂದ್ರೆ ಸ್ವಲ್ಪ ಅನುಮಾನ ಪಡಿ.

ಇನ್ನೊಂದು ಚೆಕ್ ಅಂದ್ರೆ ಹಳೇ ಪುಸ್ತಕದಲ್ಲಿ ಇದ್ಯಾ ಅಂತ. ಜಾಹ್ನವಿ ವಿಷ್ಯದಲ್ಲಿ ಇದು ಭಾಳ ಸುಲಭ. ಗೀತೆ 10ನೇ ಅಧ್ಯಾಯದ 31ನೇ ಶ್ಲೋಕದಲ್ಲಿ ಕೃಷ್ಣ 'ಸ್ರೋತಸಾಮಸ್ಮಿ ಜಾಹ್ನವೀ' ಅಂತಾನೆ, ಹರಿಯೋ ನೀರುಗಳಲ್ಲಿ ನಾನು ಜಾಹ್ನವಿ ಅಂತ. ಅಮರಕೋಶ ಅನ್ನೋ ಹಳೇ ಸಂಸ್ಕೃತ ನಿಘಂಟಲ್ಲಿ ಗಂಗೆ ಹೆಸರುಗಳ ಪಟ್ಟೀಲಿ 'ಜಹ್ನುತನಯಾ' ಇದೆ, ಜೊತೆಗೆ ವಿಷ್ಣುಪದೀ, ಭಾಗೀರಥೀ, ತ್ರಿಪಥಗಾ ಎಲ್ಲಾ ಇವೆ. ಶಂಕರಾಚಾರ್ಯರದ್ದು ಅಂತ ಹೇಳೋ ಗಂಗಾ ಸ್ತೋತ್ರ ಮನೇಲಿ ಅಜ್ಜಿ ಹೇಳೋದು ಕೇಳಿರ್ತೀರ, ಅದರಲ್ಲಿ 'ಪತಿತೋದ್ಧಾರಿಣಿ ಜಾಹ್ನವಿ ಗಂಗೇ' ಅಂತ ಬರುತ್ತೆ. ಇಲ್ಲೊಂದು ಚಿಕ್ಕ ವಿಷ್ಯ, ಸಂಸ್ಕೃತದಲ್ಲಿ ಹೆಸರು ಜಾಹ್ನವೀ ಅಂತ ದೀರ್ಘ, ಕರೆಯುವಾಗ ಮಾತ್ರ ಜಾಹ್ನವಿ ಅಂತ ಹ್ರಸ್ವ, ನಾವು ಕನ್ನಡದಲ್ಲಿ ಯಾವಾಗ್ಲೂ ಹ್ರಸ್ವಾನೇ ಬರೀತೀವಿ, ಹಂಗಾಗಿ ನಮ್ ಮನೇಲಿ ರೇಷನ್ ಕಾರ್ಡಲ್ಲೂ ಮಗೂನ ಕರೀತಾನೇ ಇರ್ತೀವಿ ಅಂತ ಇಟ್ಕೊಳ್ಳಿ.

ನಂಗೆ ಮೈ ಜುಂ ಅಂದಿದ್ದು ಇದ್ಯಾವ್ದೂ ಅಲ್ಲ, ತಲಕಾಡು. ನಮ್ಮ ಟಿ. ನರಸೀಪುರ ತಾಲ್ಲೂಕಿನ ತಲಕಾಡು, ಮರಳು, ಪಂಚಲಿಂಗ ದರ್ಶನ, ಹೊಳೇಲಿ ತೆಪ್ಪ, ಅಷ್ಟೇ ನಮಗೆ ಗೊತ್ತಿರೋದು. ಮೊದ್ಲು ಕೋಲಾರದಿಂದ, ಆಮೇಲೆ ಅಲ್ಲಿಂದ ಆಳಿದ ಗಂಗರು, ಸುಮಾರು 350ರಿಂದ 1000ದ ತನಕ, ಅವರ ಮಂತ್ರಿ ಚಾವುಂಡರಾಯನೇ ಶ್ರವಣಬೆಳಗೊಳದ ಗೊಮ್ಮಟನ್ನ ಮಾಡಿಸಿದ್ದು. ಆ ಗಂಗರ ತಾಮ್ರ ಶಾಸನಗಳು ಶುರುವಾಗೋ ಕಡೆನೇ ತಮ್ಮ ವಂಶನ 'ಜಾಹ್ನವೇಯ ಕುಲ' ಅಂತ ಹೇಳ್ಕೋತಾರೆ, ಆ ಕುಲ ಅನ್ನೋ ನಿರ್ಮಲ ಆಕಾಶದಲ್ಲಿ ಹೊಳೆಯೋ ಸೂರ್ಯ ಅಂತ ಮೊದಲನೇ ದೊರೆ ಕೊಂಗುಣಿವರ್ಮನ್ನ ಹೊಗಳ್ತಾರೆ. ಅಂದ್ರೆ ಜಾಹ್ನವಿ ಮಕ್ಕಳು ನಾವು ಅಂತ. ಬಾಂಬೆ ಕಡೆ ಹೆಸರು, ಸೀರಿಯಲ್ ಹೆಸರು ಅಂತ ನಮ್ ಚಿಕ್ಕಪ್ಪ ಒಬ್ರು ಮೂಗು ಮುರೀತಿದ್ರು, ಅವರಿಗೆ ಇದನ್ನ ಹೇಳಿದೆ, ಸಾವಿರದ ಐನೂರು ವರ್ಷದಿಂದ ನಮ್ ಕಾವೇರಿ ದಡದಲ್ಲೇ ಇರೋ ಹೆಸರು ಕಣ್ ಚಿಕ್ಕಪ್ಪ ಅಂತ, ಸುಮ್ನಾದ್ರು. ಉತ್ತರದಲ್ಲಿ ನೋಡ್ಬೇಕು ಅನ್ನೋರಿಗೆ ಗಂಗೋತ್ರಿಗೆ ಹೋಗೋ ದಾರೀಲಿ ಭೈರೋಂಘಾಟಿ ಹತ್ರ ಭಾಗೀರಥಿಗೆ ಬಂದು ಸೇರೋ ಜಾಢ್ ಗಂಗಾ ಅನ್ನೋ ಹೊಳೆಗೂ ಜಾಹ್ನವಿ ಅಂತಾರೆ, ಬಿಹಾರದ ಸುಲ್ತಾನ್‌ಗಂಜಲ್ಲಿ ಜಹ್ನು ಆಶ್ರಮ ಇತ್ತು ಅಂತ ಹೇಳ್ತಾರೆ.

ಹೆಸರು ಎಷ್ಟು ಓಡ್ತಾ ಇದೆ ಅಂತ ತಿಳ್ಕೊಳ್ಳೋದು ಹೆಂಗೆ ಅಂತ ತುಂಬಾ ಜನ ಕೇಳ್ತಾರೆ. ಅದಕ್ಕೆ ಗೂಗಲ್ ಬೇಡ, ನಿಮ್ ಬೀದಿ ಅಂಗನವಾಡಿ ಟೀಚರ್ ಸಾಕು. ಇಲ್ಲಾ ಸಂಜೆ ಐದು ಗಂಟೆಗೆ ಪಾರ್ಕಿಗೆ ಹೋಗಿ ಜೋರಾಗಿ ಆ ಹೆಸರು ಕೂಗಿ, ಎಷ್ಟು ಮಕ್ಕಳು ತಿರುಗಿ ನೋಡ್ತವೆ ಎಣಿಸಿ, ತಮಾಷೆಗೆ ಹೇಳ್ತಿಲ್ಲ, ನಾನು ಕುವೆಂಪುನಗರದ ಪಾರ್ಕಲ್ಲಿ ಮಾಡಿದೆ, 'ಜಾನೂ' ಅಂದಿದ್ದಕ್ಕೆ ಇಬ್ರು ತಿರುಗಿದ್ರು, ಅದರಲ್ಲಿ ಒಬ್ಬಳು ಜಾನಕಿ. ನನ್ ಮಗನ ಪ್ಲೇ ಹೋಮಲ್ಲಿ ಇಬ್ರು ಜಾಹ್ನವಿ ಇದ್ರು, ಮಿಸ್ಸು ಜಾನು ಒನ್, ಜಾನು ಟೂ ಅಂತ ಕರೀತಿದ್ರು, ಪಾಪ ಆ ಟೂ ಮಗು ಮನೇಲೂ ನನ್ ಹೆಸರು ಜಾನು ಟೂ ಅಂತಿತ್ತಂತೆ. ಹಂಗಾಗಿ ಯಾರಿಗೂ ಇಲ್ದಿರೋ ಹೆಸರೇ ಬೇಕು ಅನ್ನೋರು ಇದನ್ನ ಬಿಟ್ಬಿಡಿ.

ಯಾಕೆ ಇಷ್ಟು ಓಡ್ತಿದೆ ಅಂದ್ರೆ ನನ್ ಲೆಕ್ಕದಲ್ಲಿ ಕಾರಣ ಇಷ್ಟೇ, ನಮ್ಮ ಅಜ್ಜಿ ಕಾಲಕ್ಕೆ ಗಂಗಮ್ಮ, ಭಾಗೀರಥಮ್ಮ ಅಂತ 'ಅಮ್ಮ' ಹಚ್ಚಿದ ಹೆಸರು, ಅಮ್ಮನ ಕಾಲಕ್ಕೆ ಗಂಗಾ, ಮಂದಾಕಿನಿ, ಈಗಿನೋರಿಗೆ ಪುರಾಣಾನೂ ಬೇಕು ಕೇಳೋಕೆ ತನ್ವಿ ಮಾನ್ವಿ ಥರಾನೂ ಇರ್ಬೇಕು, ಈ ಎರಡೂ ಒಟ್ಟಿಗೆ ಸಿಗೋ ಹೆಸರು ಕಮ್ಮಿ. 2018ರಲ್ಲಿ ಜಾಹ್ನವಿ ಕಪೂರ್ ಸಿನಿಮಾಕ್ಕೆ ಬಂದ್ ಮೇಲಂತೂ ಹೆಸರು ಎಲ್ರ ಬಾಯಲ್ಲೂ ಬಂತು. ಕನ್ನಡ ಸೀರಿಯಲಲ್ಲೂ ಜಾನು ಪಾತ್ರ ಬಂದ್ ಮೇಲೆ ಹಳ್ಳಿ ಕಡೆ ಅಜ್ಜಿಯಂದಿರಿಗೂ ಪರಿಚಯ ಆಯ್ತು. ನಮ್ಮವ್ವ ಒಪ್ಪಿದ್ದು ಗಂಗಮ್ಮನಿಗೋಸ್ಕರನೋ ಸೀರಿಯಲ್‌ಗೋಸ್ಕರನೋ ನಂಗೆ ಇವತ್ತಿಗೂ ಡೌಟು.

ಇನ್ನು ಮನೆಯೋರು ತೆಗೆಯೋ ತಕರಾರುಗಳು. ನದಿ ಹೆಸರು ಹೆಣ್ ಮಕ್ಕಳಿಗೆ ಇಡಬಾರದು ಅಂತ ಒಬ್ರಾದ್ರೂ ಹೇಳೇ ಹೇಳ್ತಾರೆ. ಇದು ಗಾಳಿ ಮಾತಲ್ಲ, ಮನುಸ್ಮೃತಿ ಮೂರನೇ ಅಧ್ಯಾಯದಲ್ಲಿ ನಕ್ಷತ್ರ, ಮರ, ನದಿ ಹೆಸರಿರೋ ಕನ್ಯೇನ ಮದ್ವೆ ಆಗಬಾರದು ಅಂತ ಇದೆ. ಇದನ್ನ ಪಾಲಿಸಿದ್ರೆ ನಮ್ ಮೈಸೂರು ಮಂಡ್ಯ ಸೀಮೇಲಿ ಅರ್ಧ ಮದ್ವೆ ನಡೀತಾನೇ ಇರ್ಲಿಲ್ಲ, ಕಾವೇರಿ, ತುಂಗಾ, ಯಮುನಾ, ರೋಹಿಣಿ, ರೇವತಿ, ತುಳಸಿ ಯಾರ ಮನೇಲಿ ಇಲ್ಲ ಹೇಳಿ. ಅದೇ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಹೇಳೋಕೆ ಸುಲಭ ಇರ್ಬೇಕು, ಒರಟಾಗಿರಬಾರದು, ಅರ್ಥ ಸ್ಪಷ್ಟ ಇರ್ಬೇಕು, ದೀರ್ಘದಲ್ಲಿ ಮುಗೀಬೇಕು ಅಂತಾನೂ ಇದೆ, ಮನೇಲಿ ಮಾಡೋ ಶಾಸ್ತ್ರಗಳ ಹಳೇ ಪುಸ್ತಕ ಗೃಹ್ಯಸೂತ್ರದ ಪ್ರಕಾರ ಹೆಣ್ ಮಕ್ಕಳಿಗೆ ಬೆಸ ಸಂಖ್ಯೆ ಅಕ್ಷರ. ಜಾ, ಹ್ನ, ವೀ ಮೂರು ಆಯ್ತಲ್ಲ, ಪುರೋಹಿತರು ಅದಕ್ಕೆ ಖುಷಿ. ಹೇಳೋಕೆ ಸುಲಭ ಅನ್ನೋದೊಂದ್ರಲ್ಲೇ ನಾವು ಫೇಲು, ಅದಕ್ಕೆ ಬರ್ತೀನಿ.

ನಕ್ಷತ್ರದ ಅಕ್ಷರ ನೋಡೋರಿಗೆ, 'ಜಾ' ಬರೋದು ಉತ್ತರಾಷಾಢ ಮೂರನೇ ಪಾದಕ್ಕೆ, ಮಕರ ರಾಶಿ. ನಮ್ ಮಗು ರೋಹಿಣಿ ಎರಡನೇ ಪಾದ, 'ವಾ' ಬರ್ಬೇಕಿತ್ತು. ಅದಕ್ಕೆ ಜನ್ಮನಾಮ ವಾಣಿ ಅಂತ ಇಟ್ಟು, ವ್ಯವಹಾರಕ್ಕೆ ಜಾಹ್ನವಿ ಅಂತ ಮಾಡಿದ್ವಿ. ಅರ್ಚನೆ ಮಾಡಿಸುವಾಗ ಒಂದು, ಸ್ಕೂಲಿಗೆ ಒಂದು, ಇದು ಹಿಂದಿಂದ್ಲೂ ಇರೋದೇ, ಅಕ್ಷರ ಕೂಡ್ಲಿಲ್ಲ ಅಂತ ಇಷ್ಟವಾದ ಹೆಸರು ಬಿಡೋ ಅವಶ್ಯಕತೆ ಇಲ್ಲ.

ಈಗ ಮುಖ್ಯ ವಿಷ್ಯ, ಒತ್ತು. ಸರಿಯಾದ್ದು ಜಾಹ್ನವಿ, ಅಂದ್ರೆ ಹ ಮೇಲೆ, ಅದರ ಕೆಳಗೆ ನ ಒತ್ತು. ಚಿಹ್ನೆ, ಮಧ್ಯಾಹ್ನ ಬರೀತೀವಲ್ಲ ಅದೇ ಥರ. ಆದ್ರೆ ಬಾಯಲ್ಲಿ ಯಾರೂ ಹಂಗೆ ಹೇಳಲ್ಲ, ನಾಲಿಗೆ ತಾನಾಗೇ ತಿರುಗಿಸ್ಕೊಂಡು ಚಿನ್ಹೆ, ಮಧ್ಯಾನ್ಹ, ಬ್ರಮ್ಹ ಅನ್ನುತ್ತೆ, ಜಾಹ್ನವಿನೂ ಜಾನ್ಹವಿ ಆಗುತ್ತೆ. ಮರಾಠಿಯಲ್ಲಂತೂ ಬರೆಯೋದೇ ಜಾನ್ಹವಿ ಅಂತ. ನಮ್ ಮಂಡ್ಯ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ, ಹಾಲು ಆಲು, ಹಾಸನ ಆಸ್ನ ಅನ್ನೋರ ಹತ್ರ ಈ ಹ ಉಳಿಯೋ ಮಾತೇ ಇಲ್ಲ. ಅವ್ವ ಮೊದಲನೇ ದಿನ ಹೇಳಿದ್ದು ಹಿಂಗೆ: 'ಜಾನವ್ವಿನಾ? ಅದೇನ್ ಎಸ್ರವ್ವ, ಬಾಯೇ ತಿರ್ಗಕಿಲ್ಲ, ನಾನ್ ಗಂಗೂ ಅಂತಿನಿ.' ಸರಿ ಅನ್ನಿ ಅಂದ್ವಿ. ಕರೆಯೋದಕ್ಕೆ ಜಾನು, ಜಾನಿ, ಗಂಗು ಏನಾದ್ರೂ ಇರ್ಲಿ, ಬರೆಯೋದು ಮಾತ್ರ ಒಂದೇ ಇರ್ಬೇಕು, ಅದನ್ನ ಮಗು ಹುಟ್ಟೋ ಮೊದ್ಲೇ ಒಂದು ಚೀಟೀಲಿ ದೊಡ್ಡದಾಗಿ ಬರ್ದು ಫೋಟೋ ತೆಗೆದು ಮನೆ ವಾಟ್ಸಾಪ್ ಗ್ರೂಪಿಗೆ ಹಾಕಿ.

ಇಂಗ್ಲಿಷ್ ಅಕ್ಷರ ಅದಕ್ಕಿಂತ ದೊಡ್ಡ ತಲೆನೋವು. ಜೆ ಎ ಎಚ್ ಎನ್ ಎ ವಿ ಐ, ಇದು ಕನ್ನಡ ಬರಹಕ್ಕೆ ಸರಿಯಾಗಿ ಕೂರೋದು. ಹೀರೋಯಿನ್ ಜಾಹ್ನವಿ ಕಪೂರ್ ಬರ್ಕೊಳ್ಳೋದು ಜೆ ಎ ಎನ್ ಎಚ್ ವಿ ಐ. ಕೆಲವರು ಎಚ್ ಬಿಟ್ಟು ಎ ಎರಡು ಸಲ ಹಾಕ್ತಾರೆ, ಇನ್ನು ಕೆಲವರು ಜೆ ಆದ್ಮೇಲೆ ಎಚ್ ಹಾಕಿ ಝಾನ್ವಿ ಮಾಡ್ತಾರೆ, ಇದರ ಮೇಲೆ ಸಂಖ್ಯಾಶಾಸ್ತ್ರದೋರು ಬೇರೆ. ನಮಗೂ ಒಬ್ರು ಕೊನೇಲಿ ಇನ್ನೊಂದು ಐ ಸೇರ್ಸಿ ಮಗು ಕಲೆಕ್ಟರ್ ಆಗುತ್ತೆ ಅಂದ್ರು, ದುಡ್ಡೂ ತಗೊಂಡ್ರು. ನನ್ ಸಲಹೆ, ಯಾವ್ದಾದ್ರೂ ಒಂದನ್ನ ಆರಿಸ್ಕೊಳ್ಳಿ, ಆರಿಸ್ಕೊಂಡ್ ಮೇಲೆ ಅಲ್ಲಾಡಬೇಡಿ. ಎಚ್ ಮೊದಲಾ ಎನ್ ಮೊದಲಾ ಅನ್ನೋದು ಮನೇಲಿ ಪ್ರತಿಯೊಬ್ಬರಿಗೂ ಬಾಯಿಪಾಠ ಆಗಿರ್ಲಿ, ಯಾಕಂದ್ರೆ ಬರ್ತ್ ಸರ್ಟಿಫಿಕೇಟ್ ಫಾರಂ ತುಂಬೋ ದಿನ ಯಾರು ಹೋಗಿರ್ತಾರೋ ಗೊತ್ತಿಲ್ಲ.

ನಮ್ ಮನೇಲಿ ಹೋಗಿದ್ದು ತಮ್ಮ. ಹೆಸರಿಡೋ ಶಾಸ್ತ್ರ ಹನ್ನೊಂದನೇ ದಿನ ಇತ್ತು, ತಟ್ಟೇಲಿ ಅಕ್ಕಿ ಹರಡಿ ಅದರ ಮೇಲೆ ಉಂಗುರದಲ್ಲಿ ಹೆಸರು ಬರೀಬೇಕು, ತಮ್ಮ ಬರೆದ. ಜಾ ಆಯ್ತು, ಹ ಆಯ್ತು, ಕೆಳಗೆ ನ ಒತ್ತು ಬರೆಯೋಕೆ ಅಕ್ಕೀಲಿ ಜಾಗ ಇಲ್ಲ, ತಟ್ಟೆ ಅಂಚು ಬಂದ್ಬಿಡ್ತು, ಪುರೋಹಿತರು ಅಂಗೈಯಲ್ಲಿ ಅಕ್ಕಿ ಸವರಿ ಇನ್ನೊಂದ್ಸಲ ಮೇಲಿಂದ ಬರೀಪ್ಪ ಅಂದ್ರು. ಆಮೇಲೆ ನಾನು ವೀಳ್ಯದೆಲೆ ಮರೆ ಮಾಡಿ ಮಗು ಬಲಗಿವೀಲಿ ಮೂರು ಸಲ ಹೇಳ್ದೆ. ಮುನಿ ಕಿವಿಯಿಂದ ಆಚೆ ಬಂದೋಳ ಹೆಸರನ್ನ ಕಿವಿ ಒಳಕ್ಕೆ ಹೇಳ್ತಿದೀನಲ್ಲ ಅನ್ನಿಸ್ತು, ಅಷ್ಟರಲ್ಲಿ ಅದು ಅಳೋಕೆ ಶುರು ಮಾಡ್ತು. ಅಕ್ಕೀಲಿ ಎರಡು ಸಲ ಬರ್ದು ಸರಿ ಮಾಡಿದ ತಮ್ಮ, ಫಾರಂನಲ್ಲಿ ಅವಸರಕ್ಕೆ ಗೀಚಿ ಕೊಟ್ಟು ಬಂದಿದ್ದ. ಸರ್ಟಿಫಿಕೇಟ್ ಬಂತು, ಕನ್ನಡದಲ್ಲಿ ಜಾನ್ಹವಿ, ಇಂಗ್ಲಿಷಲ್ಲಿ ಎಚ್ಚೇ ಇಲ್ಲ. ಕೇಳಿದ್ರೆ ಅಲ್ಲಿದ್ದೋರು 'ಎರಡೂ ಒಂದೇ ಅಲ್ವಾ ಮೇಡಂ' ಅಂದ್ರು. ಒಂದೇ ಆಗಿದ್ರೆ ನಾನ್ ಯಾಕ್ ಬರ್ತಿದ್ದೆ ಸ್ವಾಮಿ. ಮತ್ತೆ ಅರ್ಜಿ, ಅಫಿಡವಿಟ್ಟು, ಎರಡು ದಿನ ರಜ.

ಆದ್ದರಿಂದ ಸರ್ಟಿಫಿಕೇಟ್ ವಿಷ್ಯ ಸ್ವಲ್ಪ ನಿಧಾನಕ್ಕೆ ಓದ್ಕೊಳ್ಳಿ. ಹುಟ್ಟಿದ 21 ದಿನದ ಒಳಗೆ ನೋಂದಣಿ ಆಗ್ಬೇಕು, ಆಸ್ಪತ್ರೇಲಿ ಹುಟ್ಟಿದ್ರೆ ಮಾಹಿತಿ ಕೊಡೋ ಜವಾಬ್ದಾರಿ ಆಸ್ಪತ್ರೆಯವರದ್ದೇ. ಆದ್ರೆ ಅಷ್ಟರೊಳಗೆ ಹೆಸರು ಫಿಕ್ಸ್ ಆಗಿರ್ಲೇಬೇಕು ಅಂತ ಏನಿಲ್ಲ, ಇದು ಭಾಳ ಜನಕ್ಕೆ ಗೊತ್ತಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ, ನೋಂದಣಿ ಆದ ದಿನದಿಂದ 12 ತಿಂಗಳ ಒಳಗೆ ಹೆಸರು ಸೇರಿಸ್ಬೋದು, ದುಡ್ಡಿಲ್ಲ. ಅದು ದಾಟಿದ್ರೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸ್ಬೋದು. ಅವಸರದಲ್ಲಿ ಏನೋ ಒಂದು ಬರ್ಸಿ ಆಮೇಲೆ ತಿದ್ದೋಕೆ ಓಡಾಡೋದಕ್ಕಿಂತ ಖಾಲಿ ಬಿಡೋದು ನೂರು ಪಾಲು ವಾಸಿ, ಸೇರಿಸೋದು ಸುಲಭ, ತಿದ್ದೋದು ಕಷ್ಟ. 2023ರ ಅಕ್ಟೋಬರ್ 1ರಿಂದ ಕಾನೂನು ಬೇರೆ ಬದಲಾಗಿದೆ, ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು, ಲೈಸೆನ್ಸು, ಪಾಸ್‌ಪೋರ್ಟು, ಆಧಾರ್, ವೋಟರ್ ಲಿಸ್ಟು ಎಲ್ಲದಕ್ಕೂ ಹುಟ್ಟಿದ ದಿನಾಂಕಕ್ಕೆ ಈ ಸರ್ಟಿಫಿಕೇಟೇ ಆಧಾರ. ಅದರಲ್ಲಿ ಹ್ನ ಬದಲು ನ್ಹ ಇದ್ರೆ ಮುಂದೆ ಎಲ್ಲಾ ಕಡೆ ನ್ಹನೇ.

ಫಾರಂನಲ್ಲಿ ಕೈಬರಹ ನಂಬಬೇಡಿ, ಹೆಸರನ್ನ ಟೈಪ್ ಮಾಡಿ ಪ್ರಿಂಟ್ ತಗೊಂಡು ಜೊತೆಗೆ ಪಿನ್ ಮಾಡಿ. ಟೈಪ್ ಮಾಡುವಾಗ ಮೊದ್ಲು ಹ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ನ. ನ ಮೊದ್ಲು ಹೊಡೆದ್ರೆ ನ್ಹ ಬರುತ್ತೆ, ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಅದಕ್ಕೆ ಸ್ಕ್ರೀನಲ್ಲಿ ದೊಡ್ಡದು ಮಾಡಿ ನೋಡಿ. ಕಂಪ್ಯೂಟರ್ ಮುಂದೆ ಕೂತಿರೋರ ಹತ್ರ ಸೇವ್ ಒತ್ತೋಕೆ ಮುಂಚೆ ಸ್ವಲ್ಪ ತೋರ್ಸಿ ಸಾರ್ ಅಂತ ಕೇಳಿ, ಬೇಜಾರ್ ಮಾಡ್ಕೊಂಡ್ರೂ ಪರ್ವಾಗಿಲ್ಲ. ಇನಿಷಿಯಲ್ ಹಾಕೋದಾ ಬೇಡ್ವಾ, ಹಾಕಿದ್ರೆ ಊರಿನದ್ದಾ ಅಪ್ಪಂದಾ, ಹೆಸರಿಗೆ ಮುಂದಾ ಹಿಂದಾ, ಇದನ್ನೂ ಮನೇಲೇ ತೀರ್ಮಾನ ಮಾಡ್ಕೊಂಡು ಹೋಗಿ, ಕೌಂಟರ್ ಮುಂದೆ ನಿಂತ್ಕೊಂಡು ಹೆಂಡ್ತಿಗೆ ಫೋನ್ ಮಾಡಿ ಕೇಳೋರನ್ನ ನಾನು ಅವತ್ತು ಒಂದೇ ದಿನದಲ್ಲಿ ನಾಲ್ಕು ಜನ ನೋಡ್ದೆ.

ಸರ್ಟಿಫಿಕೇಟ್ ಸರಿ ಇದೆ ಅಂತ ಎರಡು ಸಲ ನೋಡಿದ್ ಮೇಲೇನೇ ಬಾಲ ಆಧಾರ್ ಮಾಡ್ಸಿ, ಐದು ವರ್ಷದೊಳಗಿನ ಮಕ್ಕಳಿಗೆ ಕೊಡೋ ನೀಲಿ ಕಾರ್ಡು. ಬೆರಳಚ್ಚು ತಗೊಳಲ್ಲ, ಫೋಟೋ ಮಾತ್ರ, ಅಪ್ಪ ಅಮ್ಮನಲ್ಲಿ ಒಬ್ಬರ ಆಧಾರ್ ಬೇಕು, ಐದು ವರ್ಷ ಆದ್ಮೇಲೆ ಒಂದ್ಸಲ, ಹದಿನೈದಕ್ಕೆ ಒಂದ್ಸಲ ಬೆರಳಚ್ಚು ಕೊಡ್ಬೇಕು. ಒರಿಜಿನಲ್ ಸರ್ಟಿಫಿಕೇಟ್ ತಗೊಂಡು ಹೋಗಿ, ಮಗೂಗೆ ಹಾಲು ಕುಡಿಸಿ ಕರ್ಕೊಂಡು ಹೋಗಿ, ನಮ್ ಗಂಗು ಕ್ಯಾಮೆರಾ ನೋಡಿದ್ದೇ ತಡ ಹಿಂಗೆ ಬಾಯಿ ತೆಗೆದು ಅತ್ತಿದ್ದು, ಕಾರ್ಡಲ್ಲಿ ಬರೀ ಬಾಯೇ ಬಂದಿದೆ.